ಬೇಲಿಗಿಂತ ಮೊದಲು ದಾರಿ ತೋರುವವರು ಬೇಕು

ಹಂಪಿ ನೋಡಲು ಬಂದವರ ಬಸ್ಸುಗಳು ಸಾಮಾನ್ಯವಾಗಿ ಹಿರೇಬೆಣಕಲ್ಲಿನ ಕಡೆ ತಿರುಗುವುದಿಲ್ಲ. ಗಂಗಾವತಿಯಿಂದ ಹತ್ತು ಕಿಲೊಮೀಟರಿನಷ್ಟು ದೂರದ ಆ ಊರಿನ ಬೆನ್ನಿಗೆ ಗುಡ್ಡಗಳ ಸಾಲು ನಿಂತಿದೆ. ಮೇಲಕ್ಕೆ ಡಾಂಬರು ರಸ್ತೆಯಿಲ್ಲ. ಬಂಡೆಗಳ ಸಂದಿಯಲ್ಲಿ ಹತ್ತುತ್ತ, ಇಳಿಯುತ್ತ, ಮತ್ತೆ ಹತ್ತುತ್ತ ಸಾಗುವ ಕಾಲುದಾರಿ ಇದೆ. ಬೆಳಗಿನ ತಂಪಿನಲ್ಲಿ ಬುತ್ತಿ, ನೀರು ಕಟ್ಟಿಕೊಂಡು, ಊರಿನವರೊಬ್ಬರನ್ನು ಮುಂದೆ ಬಿಟ್ಟುಕೊಂಡು ಹೊರಟರೆ ಇಳಿಹೊತ್ತಿಗೆ ವಾಪಸು ಬರಬಹುದು.

ಗುಡ್ಡದ ಮೇಲಿರುವುದು ಸುಮಾರು 400 ಬೃಹತ್ ಶಿಲಾ ಸ್ಮಾರಕಗಳ ಒಂದು ಲೋಕ. ಕಲ್ಲಿನ ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಕೋಣೆಗಳು. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಆಳೆತ್ತರವನ್ನೂ ಮೀರಿದವು ಹಲವು. ಅಶೋಕನಿಗಿಂತ ಹಿಂದೆ, ಕಬ್ಬಿಣ ಬಳಸುತ್ತಿದ್ದ ಜನ ಸತ್ತವರ ನೆನಪಿಗೆ ಇವನ್ನು ಕಟ್ಟತೊಡಗಿದರು. ಸುತ್ತಲಿನ ಊರವರು ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಹಿಂದೊಮ್ಮೆ ಇಲ್ಲಿ ಗಿಡ್ಡ ಜನರಿದ್ದರು, ಇವು ಅವರ ಮನೆಗಳು ಎಂಬುದು ಅವರ ಕಥೆ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಈ ಜಾಗವನ್ನು ಗುರುತಿಸಿದ್ದರು. ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಇದು ಸೇರಿದ್ದು 2021ರಲ್ಲಿ.

ಒಬ್ಬರೇ ಹತ್ತಿದವರಿಗೆ ಅಲ್ಲಿ ಕಾಣುವುದು ಕಲ್ಲು. ಜೊತೆಗಾರರು ಬಾಯಿ ತೆರೆದ ಮೇಲೆ ಆ ಕಲ್ಲುಗಳಿಗೆ ಒಂದಕ್ಕೊಂದು ಸಂಬಂಧ ಕೂಡಿಬರುತ್ತದೆ. ದಾರಿಬದಿಯ ಬಂಡೆಯಡಿ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರು, ಪ್ರಾಣಿಗಳು. ಚಪ್ಪಡಿ ಎಬ್ಬಿಸಿದ ಕಲ್ಲುಗಣಿಯ ಗುರುತು. ಗಣಿಗೆ ಅಂಟಿಕೊಂಡಂತೆ ನೀರು ನಿಂತ ಹೊಂಡ. ಎತ್ತರದ ಗುಂಡಿನ ನೆತ್ತಿಯ ಮೇಲೆ ಕೂತ ಅರ್ಧಗೋಲಾಕಾರದ ನಗಾರಿ ಕಲ್ಲು. ಆ ಕಲ್ಲನ್ನು ಬಡಿದರೆ ಸದ್ದು ಬಹುದೂರ ಕೇಳುತ್ತದೆ. ಇವನ್ನೆಲ್ಲ ಒಂದೇ ನಡಿಗೆಯಲ್ಲಿ ಪೋಣಿಸಿ ತೋರಿಸುವ ಕೆಲಸ ನೀಲಿ ಬೋರ್ಡಿನಿಂದ ಆಗದು. ‘ಈ ಸ್ಮಾರಕಕ್ಕೆ ಹಾನಿ ಮಾಡುವುದು ಶಿಕ್ಷಾರ್ಹ’ ಎಂದಷ್ಟೇ ಬೋರ್ಡು ಹೇಳುತ್ತದೆ. ಯಾಕೆ ಉಳಿಸಬೇಕು ಎಂದು ಹೇಳುವುದಕ್ಕೆ ಮನುಷ್ಯರೇ ಬೇಕು.

ಕರ್ನಾಟಕದ ಪರಂಪರೆ ನೀತಿ ಎಡವಿರುವುದು ಇಲ್ಲಿಯೇ. ಸ್ಮಾರಕ ಎಂದರೆ ಮೊದಲು ತಂತಿಬೇಲಿ, ಆಮೇಲೆ ಫಲಕ, ಹಣ ಉಳಿದರೆ ಸಿಮೆಂಟಿನ ಹಾದಿ. ದಾರಿ ತೋರುವವರ ಹೆಸರು ಯೋಜನೆಯ ಕೊನೆಯ ಪುಟದಲ್ಲೂ ಇರುವುದಿಲ್ಲ. ಈ ಕ್ರಮವನ್ನು ತಿರುವಿಹಾಕಬೇಕು, ಅದಕ್ಕೆ ಧಾರವಾಡ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಜಿಲ್ಲೆಯ ಊರುಗಳ ಹೊಟ್ಟೆಯಲ್ಲಿ ಎಷ್ಟು ಚರಿತ್ರೆ ಅಡಗಿದೆ ಎಂಬುದಕ್ಕೆ ಅಣ್ಣಿಗೇರಿಯೊಂದೇ ಸಾಕು. ಬಳಪದ ಕಲ್ಲಿನಲ್ಲಿ ಕಟ್ಟಿದ, 76 ಕಂಬಗಳ ಅಮೃತೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ವಾಸ್ತುಶಿಲ್ಪದ ತಿರುವುಗಳಲ್ಲಿ ಒಂದು. ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಕೈಹಾಕಿದ ಮೇಲೆ ಶಿಲ್ಪಿಗಳ ಉಳಿಗೆ ಹಿಂದೆ ಸಾಧ್ಯವಿರದ ಸೂಕ್ಷ್ಮ ಕೆತ್ತನೆ ಒದಗಿತು. ಆ ವಂಶದ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರ ಆಳಿದ್ದೂ ಇದೇ ಊರಿನಿಂದ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಈ ಸಂಗತಿ ತಿಳಿದದ್ದು ತೆಲಂಗಾಣದ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನದಿಂದ. ಯಾರೋ ಆ ಗುಡ್ಡ ಹತ್ತಿ ಓದಿದ್ದರಿಂದ ಅಣ್ಣಿಗೇರಿಯ ಈ ನಂಟು ಬೆಳಕಿಗೆ ಬಂತು.

ಅದೇ ಊರಿನಲ್ಲಿ 2010ರಲ್ಲಿ ಚರಂಡಿ ಕೆಲಸದ ವೇಳೆ ನೆಲದಡಿ ಸಾಲಾಗಿಟ್ಟ ನೂರಾರು ತಲೆಬುರುಡೆಗಳು ಸಿಕ್ಕವು. ಅವು ಯಾರವು, ಯಾವ ಕಾಲದವು ಎಂಬ ಚರ್ಚೆ ನಾಡಿನಾದ್ಯಂತ ನಡೆಯಿತು. ಹಾರೆ ಹಿಡಿದ ಊರ ಜನ ಮೊದಲು ಕಂಡು ಹೇಳಿದ್ದರಿಂದಲೇ ಅದು ಸಾಧ್ಯವಾಯಿತು.

ಕಲಘಟಗಿ ತಾಲ್ಲೂಕಿನ ತಂಬೂರಿನ ಮಾತೂ ಇಲ್ಲಿಯೇ ಬರುತ್ತದೆ. ಬಯಲುಸೀಮೆಯ ಎರೆಹೊಲ ಮುಗಿದು ಮಲೆನಾಡಿನ ಸೆರಗು ಶುರುವಾಗುವ ಜಾಗ ಅದು. ಹಳೆಯ ಬಸವಣ್ಣನ ಗುಡಿಗೆ ಸುತ್ತಲಿನ ಭಕ್ತರು ತಪ್ಪದೆ ಬರುತ್ತಾರೆ. ಕೆರೆಯಿದೆ, ದೇವಿಕೊಪ್ಪದ ಕಾಡು ಹತ್ತಿರದಲ್ಲಿದೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ ದೂರವೇನಲ್ಲ. ಒಂದು ದಿನದ ನಡಿಗೆಗೆ ಇದಕ್ಕಿಂತ ಹೆಚ್ಚೇನು ಬೇಕು? ಆದರೆ ಹುಬ್ಬಳ್ಳಿಯಿಂದ ಬಂದ ಕಾರುಗಳು ಗುಡಿಯ ಮುಂದೆ ನಿಂತು, ಕಾಯಿ ಒಡೆಸಿ, ಅರ್ಧ ತಾಸಿನಲ್ಲಿ ಹೊರಟುಬಿಡುತ್ತವೆ. ಗುಡಿಯ ಕಂಬ ನೋಡಲು, ಕೆರೆ ಏರಿಯ ಮೇಲೆ ನಡೆಯಲು, ಊರಿನ ಹಿರಿಯರ ಮಾತು ಕೇಳಲು ಅವರನ್ನು ಯಾರೂ ಕರೆಯುವುದಿಲ್ಲ.

ಕರೆಯುವುದನ್ನೇ ಒಂದು ವ್ಯವಸ್ಥೆಯಾಗಿ ಬೆಳೆಸಿದ ನಾಡುಗಳಿವೆ. ಪೆರುವಿನ ಇಂಕಾ ಜನರ ಮಾಚು ಪಿಚು ಜಗತ್ತಿಗೇ ಗೊತ್ತು. ಅದರ ಗದ್ದಲದಾಚೆ, ಕುಸ್ಕೊ ನಗರದ ಸುತ್ತಲಿನ ಬೆಟ್ಟಗಳಲ್ಲಿ ಹುಚುಯ್ ಕೊಸ್ಕೊ, ಪುಮಮಾರ್ಕಾದಂಥ ಹೆಸರು ಕೇಳದ ಅವಶೇಷಗಳಿಗೆ ಸ್ಥಳೀಯ ಮಾರ್ಗದರ್ಶಿಗಳು ಜನರನ್ನು ದಿನದ ನಡಿಗೆಗೆ ಕರೆದೊಯ್ಯುತ್ತಾರೆ. ಮಾಚು ಪಿಚುವಿಗೆ ಹೋಗುವ ಹೆಸರಾಂತ ಇಂಕಾ ದಾರಿಯಲ್ಲಿ ಮಾರ್ಗದರ್ಶಿಯಿಲ್ಲದೆ ಹೆಜ್ಜೆಯಿಡುವಂತಿಲ್ಲ. ಹಮಾಲರು, ಮಾರ್ಗದರ್ಶಿಗಳೂ ಸೇರಿ ದಿನಕ್ಕೆ 500 ಜನರಿಗೆ ಮಾತ್ರ ಪ್ರವೇಶ, ಮಳೆಯ ಫೆಬ್ರುವರಿಯಲ್ಲಿ ದಾರಿಯೇ ಬಂದ್. ಆರು ದೇಶಗಳಲ್ಲಿ ಹಬ್ಬಿದ ಇಂಕಾ ರಸ್ತೆಜಾಲ 2014ರಲ್ಲಿ ವಿಶ್ವ ಪರಂಪರೆಯಾಯಿತು. ಅಪುರಿಮಾಕ್ ನದಿಯ ಮೇಲಿನ ಹುಲ್ಲಿನ ತೂಗುಸೇತುವೆಯನ್ನು ಇಂದಿಗೂ ಅಕ್ಕಪಕ್ಕದ ಸಮುದಾಯಗಳೇ ವರ್ಷಕ್ಕೊಮ್ಮೆ ಹೊಸದಾಗಿ ಹೆಣೆಯುತ್ತವೆ.

ಜನ ಹೆಚ್ಚಿದರೆ ಜಾಗ ಹಾಳಾಗುತ್ತದೆ ಎಂಬ ಆತಂಕ ನ್ಯಾಯವಾದದ್ದು. ಕುಮಾರಪರ್ವತವೇ ಅದಕ್ಕೆ ಸಾಕ್ಷಿ. 2024ರ ಜನವರಿಯಲ್ಲಿ ಅಲ್ಲಿ ಜನಜಂಗುಳಿ ಮಿತಿಮೀರಿದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ತಡೆಹಿಡಿದು, ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಕಾಡಿಗೆ ಹಾಕಿದ ಶಿಸ್ತನ್ನು ಕಲ್ಲಿಗೂ ಹಾಕಬಹುದು. ಇನ್ನು ಯಾರೂ ಹೋಗದ ಜಾಗ ಸುರಕ್ಷಿತ ಎಂಬ ನಂಬಿಕೆ ಪೊಳ್ಳು. ನಿಧಿಯ ಆಸೆಗೆ ರಾತ್ರಿ ಗುದ್ದಲಿ ಹಿಡಿದು ಬರುವವರಿಗೆ ನಿರ್ಜನ ಗುಡಿ, ಒಂಟಿ ವೀರಗಲ್ಲುಗಳೇ ಅನುಕೂಲ. ದಿನಾ ಹತ್ತು ಜನ ಓಡಾಡುವ ದಾರಿಯಲ್ಲಿ ಹೊಸ ಗುಂಡಿ ಬಿದ್ದರೆ ಮರುದಿನವೇ ಗೊತ್ತಾಗುತ್ತದೆ.

ಊರ ಮಾರ್ಗದರ್ಶಿಗಳು ಕಟ್ಟುಕಥೆ ಹೇಳುತ್ತಾರೆ ಎಂಬ ಆಕ್ಷೇಪವೂ ಇದೆ. ಪರಿಹಾರ ತರಬೇತಿಯಲ್ಲಿದೆ. ಕರ್ನಾಟಕ ವಿಶ್ವವಿದ್ಯಾಲಯ, 1939ರಿಂದ ಶಾಸನಗಳ ಕೆಲಸ ಮಾಡುತ್ತ ಬಂದ ಕನ್ನಡ ಸಂಶೋಧನ ಸಂಸ್ಥೆ, ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ವೃತ್ತ ಕಚೇರಿ, ಮೂರೂ ಧಾರವಾಡದಲ್ಲೇ ಇವೆ. ತಂಬೂರು, ಅಣ್ಣಿಗೇರಿ, ಕುಂದಗೋಳದ ಶಂಭುಲಿಂಗ ಗುಡಿಯ ಓಣಿಗಳಿಂದ ಪದವಿ ಓದಿದ ಹುಡುಗ ಹುಡುಗಿಯರನ್ನು ಆರಿಸಿ, ಒಂದು ಬೇಸಿಗೆ ರಜೆಯಲ್ಲಿ ಶಾಸನದ ಲಿಪಿ, ಗುಡಿಯ ಅಂಗಾಂಗ, ಪ್ರಥಮ ಚಿಕಿತ್ಸೆ ಕಲಿಸಲು ಈ ಸಂಸ್ಥೆಗಳಿಗೆ ಸಾಧ್ಯವಿದೆ. ಮೋರ್ಯರಂಥ ಕಥೆಯನ್ನೂ ಅವರು ಹೇಳಲಿ, ಅದು ಊರಿನ ಕಥೆ ಎಂದು ಹೇಳಿಯೇ ಹೇಳಲಿ. ಕೇಳುವವರಿಗೆ ಎರಡೂ ಬೇಕು.

ಪ್ರವಾಸೋದ್ಯಮ ಇಲಾಖೆ ಮಾಡಬೇಕಾದ್ದು ಇಷ್ಟು. ತಂಬೂರಿನಿಂದ ಒಂದು ದಾರಿಯನ್ನು ಪ್ರಯೋಗಕ್ಕೆ ಆರಿಸಲಿ. ಊರಿನ ಮಾರ್ಗದರ್ಶಿಗಳಿಗೆ ಗುರುತಿನ ಚೀಟಿ, ನಿಗದಿತ ಕೂಲಿ ಕೊಡಲಿ. ಗುಂಪಿನ ಗಾತ್ರಕ್ಕೆ ಮಿತಿಯಿರಲಿ, ಕಾಡಂಚು ದಾಟುವ ಕಡೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಲಿ, ಜೋರು ಮಳೆಯ ತಿಂಗಳುಗಳಲ್ಲಿ ನಡಿಗೆ ನಿಲ್ಲಲಿ. ಶುಲ್ಕದ ಒಂದು ಪಾಲು ಪಂಚಾಯಿತಿಗೆ ಸೇರಿ, ಕೆರೆ ಏರಿಯ ಮೇಲಿನ ಮುಳ್ಳುಕಂಟಿ ಕಡಿಯಲು, ಮಣ್ಣಲ್ಲಿ ಹೂತ ಕಲ್ಲುಗಳನ್ನು ಎತ್ತಿ ಪುರಾತತ್ವ ಇಲಾಖೆಗೆ ತಿಳಿಸಲು ಬಳಕೆಯಾಗಲಿ. ಜಿಲ್ಲೆಯ ಸರ್ಕಾರಿ ಶಾಲೆಗಳ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ನಡಿಗೆ ಪುಕ್ಕಟೆ ಇರಲಿ. ಮಳೆ ನಿಂತು ಸುಗ್ಗಿ ಮುಗಿಯುವ ತನಕದ ತಿಂಗಳುಗಳು ನಡೆಯಲು ಹದವಾದವು. ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಇದಕ್ಕೊಂದು ಸಾಲು ಸೇರಿಸಿದರೂ ಮುಂದಿನ ದಸರಾ ರಜೆಗೆ ಮೊದಲ ಗುಂಪು ತಂಬೂರಿನಿಂದ ಹೊರಡಬಹುದು.