ಸಹಿ ಹಾಕುವ ಮೊದಲು ವಕೀಲರನ್ನು ಕಾಣಿ

‘ಮನೆ ಮಾರೋಕೆ ಲಾಯರ್ ಯಾಕೆ? ಬ್ರೋಕರ್ ಇದ್ದಾನೆ, ಪತ್ರ ಬರೆಯೋರು ಇದ್ದಾರೆ, ಸಬ್ ರಿಜಿಸ್ಟ್ರಾರ್ ಆಫೀಸ್ ಇದೆ’. ಹಿರಿಯರ ಬಾಯಲ್ಲಿ ಈ ಮಾತು ಸಾಮಾನ್ಯ. ಕಾನೂನಿನ ಪ್ರಕಾರ ಇದು ತಪ್ಪೂ ಅಲ್ಲ. 1908ರ ನೋಂದಣಿ ಕಾಯ್ದೆ ಕ್ರಯಪತ್ರ ನೋಂದಣಿಯಾಗಬೇಕು ಎನ್ನುತ್ತದೆಯೇ ಹೊರತು ಅದನ್ನು ವಕೀಲರೇ ಬರೆಯಬೇಕು ಎನ್ನುವುದಿಲ್ಲ. ಆದರೂ ವಕೀಲರ ಫೀಸು ಉಳಿಸಲು ಹೋಗುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ.

ಇದು ಅಪ್ಪ–ಅಮ್ಮನ ತಲೆನೋವು, ನಮಗೇಕೆ ಎನ್ನಬೇಡಿ. ಮಕ್ಕಳ ಓದಿಗೋ, ಮದುವೆಗೋ, ಸಾಲ ತೀರಿಸಲೋ ಮನೆ ಮಾರುವಾಗ ಕಾಗದಪತ್ರ ಓದುವ ಕೆಲಸ ಬೀಳುವುದು ಡಿಗ್ರಿ ಓದಿದ ನಮ್ಮ ಮೇಲೆಯೇ. ಮನೆ ಪಿತ್ರಾರ್ಜಿತವಾಗಿದ್ದರೆ 18 ದಾಟಿದವರ ಸಹಿಯನ್ನೂ ಕೇಳುತ್ತಾರೆ. ‘ಸುಮ್ನೆ ಇಲ್ಲೊಂದು ಸೈನ್ ಹಾಕು’ ಎಂದಾಗ ಓದದೆ ಹಾಕಿದರೆ ನಮ್ಮ ಪಾಲಿನ ಹಕ್ಕು ಅಲ್ಲಿಗೇ ಮುಗಿಯಬಹುದು.

ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಸೂಕ್ಷ್ಮ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ‘ಅಕ್ಕನಿಗೆ ಮದುವೆಯಲ್ಲೇ ಕೊಟ್ಟಾಯಿತಲ್ಲ’ ಎಂದು ಗಂಡುಮಕ್ಕಳಷ್ಟೇ ಸಹಿ ಹಾಕಿ ಮಾರಿದರೆ ನಾಳೆ ಕೋರ್ಟ್ ಮೆಟ್ಟಿಲು ಹತ್ತಬೇಕಾದೀತು. ಇದನ್ನು ಬ್ರೋಕರ್ ಹೇಳುತ್ತಾನೆಯೇ? ವ್ಯವಹಾರ ಮುಗಿದರಷ್ಟೇ ಅವನಿಗೆ ಕಮಿಷನ್. ನೋಂದಣಿ ಕಚೇರಿಯಲ್ಲಿ ಪತ್ರ ನೋಂದಣಿಯಾಗುತ್ತದೆ, ಆದರೆ ಮಾರುವವರ ಹಕ್ಕು ಪಕ್ಕಾ ಎಂಬ ಖಾತರಿಯನ್ನು ಅಲ್ಲಿ ಯಾರೂ ಕೊಡುವುದಿಲ್ಲ.

‘ಕೊಳ್ಳುವವರ ಕಡೆ ಲಾಯರ್ ಇದ್ದಾರಲ್ಲ, ಅವರೇ ನೋಡ್ತಾರೆ’ ಎನ್ನುವವರೂ ಇದ್ದಾರೆ. ಅವರು ನೋಡುವುದು ಕೊಳ್ಳುವವರ ಹಿತವನ್ನು. ಮುಂದೆ ಸ್ವತ್ತಿನ ಮೇಲೆ ತಕರಾರು ಬಂದರೆ ಮಾರಿದವರೇ ಸ್ವಂತ ಖರ್ಚಿನಲ್ಲಿ ಬಗೆಹರಿಸಬೇಕು ಎಂಬ ಷರತ್ತು ಕ್ರಯಪತ್ರದಲ್ಲಿ ಸಾಮಾನ್ಯವಾಗಿ ಇರುತ್ತದೆ. ಬಂದ ಹಣ ಕಾಲೇಜು ಫೀಸಿಗೆ ಖರ್ಚಾಗಿ ಹೋಗಿರುತ್ತದೆ, ಹೊಣೆ ಮಾತ್ರ ಉಳಿದಿರುತ್ತದೆ.

ಹಾಗಾದರೆ ವಕೀಲರ ಬಳಿ ಯಾವಾಗ ಹೋಗಬೇಕು? ನೋಂದಣಿಯ ದಿನವಲ್ಲ, ಮುಂಗಡ ಪಡೆದು ಕರಾರುಪತ್ರಕ್ಕೆ ಸಹಿ ಹಾಕುವ ಮೊದಲು. ವಂಶವೃಕ್ಷ, ಇ.ಸಿ., ಖಾತೆ, ಬ್ಯಾಂಕ್ ಸಾಲ ತೀರಿದ ಪತ್ರ ಇವನ್ನೆಲ್ಲ ತೋರಿಸಿ. ವ್ಯವಹಾರ ಮುರಿದುಬಿದ್ದರೆ ಮುಂಗಡದ ಗತಿಯೇನು ಎಂದು ಕೇಳಿ. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ ಎಂಬುದೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಎಲ್ಲರಿಗೂ ಒಂದೇ ಅಳತೆ ಎಂದು ನಾನು ಹೇಳುತ್ತಿಲ್ಲ. ಒಬ್ಬರೇ ದುಡಿದು ಕೊಂಡ ಮನೆ, ಸಾಲವಿಲ್ಲ, ದಾಖಲೆಗಳೆಲ್ಲ ಅವರ ಹೆಸರಿನಲ್ಲೇ ಇವೆ ಎಂದಾದರೆ ಒಂದು ಭೇಟಿ, ಕರಡು ಓದಿಸಿದರೆ ಸಾಕಾಗಬಹುದು. ಪಾಲುದಾರರು ಹಲವರಿದ್ದರೆ, ಜಿಪಿಎ ಮೇಲೆ ಕೊಂಡದ್ದಾಗಿದ್ದರೆ, ಮಂಜೂರಾದ ಜಮೀನಾಗಿದ್ದರೆ ವಕೀಲರಿಲ್ಲದೆ ಮುಂದುವರಿಯಲೇಬಾರದು.

ಫೀಸಿನ ಚಿಂತೆಯೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ನಿಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಮೊಬೈಲ್ ಕೊಳ್ಳಲು ಹತ್ತು ರಿವ್ಯೂ ನೋಡುವವರು ನಾವು. ಅಪ್ಪ–ಅಮ್ಮನ ಜೀವಮಾನದ ದುಡಿಮೆ ಕೈಬಿಡುವಾಗ ಒಬ್ಬ ವಕೀಲರನ್ನಾದರೂ ಕೇಳೋಣ. ಅವರು ಬ್ರೋಕರ್ ತೋರಿಸಿದವರಾಗಿರದೆ, ನಾವೇ ಹುಡುಕಿದವರಾಗಿರಲಿ.