ಗೆಲುವಿನ ಲೆಕ್ಕಕ್ಕೂ ಪರಿಶೋಧನೆ ಬೇಕು

ವ್ಯಾಪಾರವಿರಲಿ, ಉದ್ದಿಮೆಯಿರಲಿ, ಜವಾಬ್ದಾರಿಯ ಸ್ಥಾನಕ್ಕೆ ತಕ್ಕ ವ್ಯಕ್ತಿಯನ್ನು ಆರಿಸುವುದು ಮಾಲೀಕನ ಕೆಲಸಗಳಲ್ಲೆಲ್ಲ ಕಠಿಣವಾದುದು. ಯಂತ್ರವೊಂದನ್ನು ಕೊಳ್ಳುವಾಗ ಮೂರು ಕಡೆಯಿಂದ ದರಪಟ್ಟಿ ತರಿಸಿ ತಾಳೆ ನೋಡುವ ನಾವು, ಇಡೀ ಕಾರ್ಖಾನೆಯ ಆಡಳಿತವನ್ನೇ ವಹಿಸಿಕೊಡುವ ವ್ಯಕ್ತಿಯನ್ನು ಅರ್ಧ ಗಂಟೆಯ ಮಾತುಕತೆಯಲ್ಲಿ ಒಪ್ಪಿಬಿಡುತ್ತೇವೆ. ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳು ತಮ್ಮ ಮುಖ್ಯ ತರಬೇತುದಾರರನ್ನು ಆರಿಸುವಾಗ ಮಾಡಿದ ತಪ್ಪುಗಳಿಂದಲೂ, ತೋರಿದ ಜಾಣ್ಮೆಯಿಂದಲೂ ಈ ವಿಷಯದಲ್ಲಿ ನಾವು ಕಲಿಯಬೇಕಾದುದು ಸಾಕಷ್ಟಿದೆ ಎಂಬುದು ನನ್ನ ಅಭಿಪ್ರಾಯ.

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಈ ಆಟವನ್ನು ಮೊದಲ ಬಾರಿಗೆ ನೋಡಿದೆ. ನಾವು ಫುಟ್‌ಬಾಲ್ ಎನ್ನುವ ಆಟ ಅದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ಭೇದಿಸಿಕೊಂಡು ಮುನ್ನುಗ್ಗುವ ಆಟ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಹುದು ಎಂದರೆ ಅದರ ವ್ಯಾಪ್ತಿ ತಿಳಿದೀತು. ಟಿಕೆಟ್, ದೂರದರ್ಶನ ಪ್ರಸಾರದ ಹಕ್ಕು, ಹಳೆಯ ವಿದ್ಯಾರ್ಥಿಗಳ ದೇಣಿಗೆ, ಇವುಗಳಿಂದ ಅಪಾರ ವರಮಾನ ಬರುತ್ತದೆ. ಮುಖ್ಯ ತರಬೇತುದಾರನೆಂದರೆ ಒಂದು ಕಂಪನಿಯ ವ್ಯವಸ್ಥಾಪಕ ನಿರ್ದೇಶಕನಿದ್ದಂತೆ. ಸಹಾಯಕರ ನೇಮಕ, ನೂರರಷ್ಟು ಆಟಗಾರರ ಆಯ್ಕೆ, ಶಿಸ್ತು, ಇವೆಲ್ಲವೂ ಆತನ ಹೊಣೆ. 2021ರಿಂದ ಆಟಗಾರರು ಒಂದು ವರ್ಷ ಹೊರಗುಳಿಯದೆಯೇ ಬೇರೆ ಕಾಲೇಜಿಗೆ ಹೋಗಿ ಆಡಲು ಅವಕಾಶವಾಯಿತು. 2025ರ ಜುಲೈಯಿಂದ ಕಾಲೇಜುಗಳು ತಮ್ಮ ವರಮಾನದಲ್ಲಿ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದಾಗಿದೆ. ಹೀಗಾಗಿ ಈ ಹುದ್ದೆ ಇಂದು ಉದ್ದಿಮೆಯ ಆಡಳಿತಕ್ಕೆ ಮತ್ತಷ್ಟು ಹತ್ತಿರವಾಗಿದೆ.

ಅರ್ಜಿಯ ಪ್ರತಿ ಸಾಲಿಗೂ ವೋಚರ್

2001ರ ಡಿಸೆಂಬರ್‌ನಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯವು ಜಾರ್ಜ್ ಓಲಿಯರಿ ಎಂಬವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿತು. ಜಾರ್ಜಿಯಾ ಟೆಕ್‌ನಲ್ಲಿ ಅವರು ಒಳ್ಳೆಯ ಹೆಸರು ಗಳಿಸಿದ್ದರು. ಆದರೆ ಒಂದು ವಾರ ಕಳೆಯುವುದರೊಳಗೆ ಅವರು ರಾಜೀನಾಮೆ ಕೊಡಬೇಕಾಯಿತು. ತಮಗೆ ಸ್ನಾತಕೋತ್ತರ ಪದವಿ ಇದೆಯೆಂದೂ, ವಿದ್ಯಾರ್ಥಿಯಾಗಿದ್ದಾಗ ಕಾಲೇಜು ತಂಡಕ್ಕೆ ಆಡಿದ್ದೆನೆಂದೂ ಅವರ ವ್ಯಕ್ತಿಪರಿಚಯದಲ್ಲಿದ್ದ ವಿವರಗಳು ಸುಳ್ಳೆಂದು ಬಯಲಾಯಿತು. ಆ ವಿವರಗಳು ಎಷ್ಟೋ ವರ್ಷಗಳ ಹಿಂದೆ ಸೇರಿಕೊಂಡವು. ಒಬ್ಬ ಉದ್ಯೋಗದಾತ ಪರಿಶೀಲಿಸಿದ್ದಾನೆಂದು ಮುಂದಿನವನು ನಂಬುತ್ತ ಬಂದದ್ದರಿಂದ ಅವು ಉಳಿದುಕೊಂಡವು. ನಮ್ಮ ಲೆಕ್ಕಪತ್ರಗಳಲ್ಲಿ ಹಳೆಯ ಆರಂಭ ಶಿಲ್ಕಿನ ತಪ್ಪು ವರ್ಷದಿಂದ ವರ್ಷಕ್ಕೆ ಮುಂದೆ ಸಾಗುವುದೂ ಹೀಗೆಯೇ.

ಇಲ್ಲೊಂದು ಸೂಕ್ಷ್ಮವಿದೆ. ಓಲಿಯರಿಯವರಲ್ಲಿ ಸಾಮರ್ಥ್ಯದ ಕೊರತೆಯಿರಲಿಲ್ಲ. ಮುಂದೆ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡವನ್ನು ಅವರು ದೊಡ್ಡ ಗೆಲುವುಗಳತ್ತ ನಡೆಸಿದರು. ಆದರೂ ನೇಮಿಸಿದ ಸಂಸ್ಥೆಗೆ ಆದ ಮುಜುಗರ ತಪ್ಪಲಿಲ್ಲ. ಒಂದೆರಡು ದೂರವಾಣಿ ಕರೆಗಳಿಂದ ಅದನ್ನು ತಪ್ಪಿಸಬಹುದಾಗಿತ್ತು.

ಫಲಿತಾಂಶದ ಮೂಲ ಯಾವುದು?

ಪದವಿಪತ್ರ ಸರಿಯಿದ್ದರೆ ಸಾಲದು. ಆತ ತೋರಿಸುವ ಫಲಿತಾಂಶ ಎಲ್ಲಿಂದ ಬಂತೆಂಬುದನ್ನೂ ಪರಿಶೋಧಿಸಬೇಕು. ಇದಕ್ಕೆ ಇಂಡಿಯಾನಾ ವಿಶ್ವವಿದ್ಯಾಲಯದ ನಿದರ್ಶನ ಬಹಳ ಬೋಧಪ್ರದವಾಗಿದೆ. 2023ರಲ್ಲಿ ಆ ತಂಡ 3 ಪಂದ್ಯ ಗೆದ್ದು 9 ಸೋತಿತ್ತು. ಪ್ರಮುಖ ತಂಡಗಳ ಪೈಕಿ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಸೋತ ತಂಡವೆಂಬ ಹೆಸರು ಆಗ ಅದಕ್ಕಿತ್ತು. ಹಿಂದಿನ ತರಬೇತುದಾರರನ್ನು ಅವಧಿಗೆ ಮುನ್ನ ಬಿಡುಗಡೆ ಮಾಡಲು ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಕೊಟ್ಟ ಆ ಸಂಸ್ಥೆ, ಅವರ ಸ್ಥಾನಕ್ಕೆ ಆರಿಸಿದ್ದು 62 ವರ್ಷದ ಕರ್ಟ್ ಸಿಗ್ನೆಟಿಯವರನ್ನು. ದೊಡ್ಡ ಮಟ್ಟದ ಲೀಗ್‌ನ ಯಾವ ತಂಡಕ್ಕೂ ಅವರು ಅದುವರೆಗೆ ಮುಖ್ಯಸ್ಥರಾಗಿರಲಿಲ್ಲ.

ಅವರ ದಾಖಲೆ ಹೀಗಿತ್ತು. ಅಲಬಾಮಾದಂಥ ಬಲಿಷ್ಠ ತಂಡದಲ್ಲಿ ಸಹಾಯಕರಾಗಿದ್ದವರು, 2011ರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿ ಪೆನ್ಸಿಲ್ವೇನಿಯಾದ ಸಣ್ಣ ವಿಶ್ವವಿದ್ಯಾಲಯವೊಂದರ ಮುಖ್ಯ ತರಬೇತುದಾರರಾದರು. ಅಲ್ಲಿ 53 ಗೆಲುವು, 17 ಸೋಲು. ಬಳಿಕ ಈಲಾನ್‌ನಲ್ಲಿ ಎರಡು ವರ್ಷ: 14 ಗೆಲುವು, 9 ಸೋಲು. ಅನಂತರ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಐದು ವರ್ಷ: 52 ಗೆಲುವು, 9 ಸೋಲು.

ಸಾಮಾನ್ಯ ಓದುಗನ ಕಣ್ಣು ಕೊನೆಯ ಅಂಕಿಯ ಮೇಲೆ ನಿಲ್ಲುತ್ತದೆ. ಲೆಕ್ಕಪರಿಶೋಧಕನ ಕಣ್ಣು ನಡುವಿನ ಅಂಕಿಯ ಮೇಲೆ ನಿಲ್ಲಬೇಕು. ಜೇಮ್ಸ್ ಮ್ಯಾಡಿಸನ್ ತಂಡ ಸಿಗ್ನೆಟಿಯವರು ಬರುವ ಮೊದಲೇ ತನ್ನ ಶ್ರೇಣಿಯಲ್ಲಿ ಚಾಂಪಿಯನ್ ಆಗಿದ್ದ ಸಮರ್ಥ ತಂಡ; ಅಲ್ಲಿನ ಗೆಲುವಿನಲ್ಲಿ ಪಿತ್ರಾರ್ಜಿತದ ಪಾಲು ಇದ್ದೇ ಇತ್ತು. ಈಲಾನ್ ಹಾಗಲ್ಲ. ಅವರು ಬರುವ ಹಿಂದಿನ ವರ್ಷ ಅದು 2 ಪಂದ್ಯ ಗೆದ್ದು 9 ಸೋತಿತ್ತು; ಅವರು ಬಂದ ವರ್ಷವೇ 8 ಗೆದ್ದು 4 ಸೋತಿತು. ಬಡ ಗದ್ದೆಯಲ್ಲಿ ತೆಗೆದ ಬೆಳೆ ರೈತನ ಸಾಮರ್ಥ್ಯವನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಮೂರು ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆ ಸಂಪನ್ಮೂಲಗಳೊಡನೆ, ಒಂದು ವರ್ಷವೂ ಸೋಲು ಗೆಲುವಿಗಿಂತ ಹೆಚ್ಚಾಗದ ದಾಖಲೆ ಅವರದಾಗಿತ್ತು. ಹಲವು ಸಹಾಯಕರೂ ಆಟಗಾರರೂ ಅವರ ಹಿಂದೆಯೇ ಇಂಡಿಯಾನಾಕ್ಕೆ ಬಂದರು. ಬಲ್ಲವರು ಹಿಂಬಾಲಿಸುವುದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ? 2024ರಲ್ಲಿ ಇಂಡಿಯಾನಾ 11 ಪಂದ್ಯ ಗೆದ್ದು 2 ಸೋತಿತು. 2025ರ ಋತುವಿನಲ್ಲಿ ಒಂದೂ ಸೋಲಿಲ್ಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು.

ಕರಾರಿನಲ್ಲಿ ಅಡಗಿದ ಹೊಣೆ

ಇದಕ್ಕೆ ವ್ಯತಿರಿಕ್ತವಾದುದು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕಥೆ. 2017ರ ಡಿಸೆಂಬರ್‌ನಲ್ಲಿ ಅದು ಜಿಂಬೊ ಫಿಶರ್ ಅವರನ್ನು ಹತ್ತು ವರ್ಷಗಳಿಗೆ 7.5 ಕೋಟಿ ಡಾಲರಿನ ಕರಾರಿನ ಮೇಲೆ ಕರೆತಂದಿತು. ಫ್ಲಾರಿಡಾ ಸ್ಟೇಟ್ ತಂಡಕ್ಕೆ ಅವರು 2013ರ ಋತುವಿನ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಿದ್ದರು. ಆದರೆ ಅವರು ಆ ತಂಡ ಬಿಡುವ ಹೊತ್ತಿಗೆ ಆ ವರ್ಷ ಅದು 5 ಗೆದ್ದು 6 ಸೋತಿತ್ತು. ಕೊನೆಯ ವರ್ಷದ ಇಳಿಮುಖವನ್ನು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. ಹೊಸ ಸಂಸ್ಥೆಯಲ್ಲಿ 2020ರಲ್ಲಿ 9 ಗೆದ್ದು 1 ಸೋತರು. ಆ ಒಂದು ವರ್ಷದ ಲಾಭ ಕಂಡು, 2021ರಲ್ಲಿ ಕರಾರನ್ನು 2031ರವರೆಗೆ ವಿಸ್ತರಿಸಿ ಸಂಬಳವನ್ನೂ ಏರಿಸಲಾಯಿತು. 2023ರ ನವೆಂಬರ್‌ನಲ್ಲಿ ಅವರನ್ನು ವಜಾ ಮಾಡಿದಾಗ ಕೊಡಬೇಕಾದ ಮೊತ್ತ 7.5 ಕೋಟಿ ಡಾಲರಿಗೂ ಅಧಿಕ. ಆಗಿನ ವಿನಿಮಯ ದರದಲ್ಲಿ 600 ಕೋಟಿ ರೂಪಾಯಿಗೂ ಹೆಚ್ಚು. ಮೊದಲ ಹತ್ತು ವರ್ಷದ ಕರಾರಿನ ಇಡೀ ಮೊತ್ತಕ್ಕಿಂತಲೂ ಬಿಡುಗಡೆಯ ಬೆಲೆಯೇ ಹೆಚ್ಚಾಯಿತು. ಬೇರೆಡೆ ಕೆಲಸ ಸಿಕ್ಕರೆ ಅದರಲ್ಲಿ ಕಡಿತ ಮಾಡುವ ಷರತ್ತೂ ಇರಲಿಲ್ಲ.

ಫಿಶರ್ ಅವರನ್ನು ಆರಿಸಿದ್ದೇ ತಪ್ಪೆಂದು ನಾನು ಹೇಳಲಾರೆ. ಫಲಿತಾಂಶ ತಿಳಿದ ಮೇಲೆ ಜಾಣರಾಗುವುದು ಸುಲಭ. ಎಷ್ಟೇ ಪರಿಶೋಧಿಸಿದರೂ ಮನುಷ್ಯನ ಆಯ್ಕೆಯಲ್ಲಿ ತಪ್ಪುವ ಸಂಭವ ಇದ್ದೇ ಇರುತ್ತದೆ. ತಪ್ಪು ಇರುವುದು ಆ ಸಂಭವಕ್ಕೆ ಕರಾರಿನಲ್ಲಿ ಅವಕಾಶವನ್ನೇ ಇಡದೆ, ಒಳ್ಳೆಯ ವರ್ಷವೊಂದರ ಉತ್ಸಾಹದಲ್ಲಿ ಹತ್ತು ವರ್ಷದ ಹೊಣೆ ಹೊತ್ತುಕೊಂಡದ್ದರಲ್ಲಿ. ಇಂಥದನ್ನೇ ನಾವು ಸಂಭಾವ್ಯ ಹೊಣೆಗಾರಿಕೆ ಎನ್ನುತ್ತೇವೆ. ಅಢಾವೆ ಪತ್ರಿಕೆಯ ಒಳಗೆ ಅದು ಕಾಣದು, ಅಡಿಟಿಪ್ಪಣಿಯಲ್ಲಿ ಮಾತ್ರ ಇರುತ್ತದೆ. ಅದನ್ನು ಓದುವವರು ಕಡಿಮೆ.

ನಾನು ಕಲಿತ ಪಾಠ

ಇದನ್ನೆಲ್ಲ ದೂರದಲ್ಲಿ ನಿಂತು ಟೀಕಿಸುವ ಅರ್ಹತೆ ನನಗಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ, ಯಂತ್ರಭಾಗಗಳನ್ನು ತಯಾರಿಸುವ ಕಕ್ಷಿದಾರ ಮಿತ್ರರೊಬ್ಬರು ತಮ್ಮ ಘಟಕಕ್ಕೆ ಪ್ರಧಾನ ವ್ಯವಸ್ಥಾಪಕರನ್ನು ಆರಿಸಲು ನನ್ನ ಸಲಹೆ ಕೇಳಿದರು. ಅಭ್ಯರ್ಥಿಯ ಹಿಂದಿನ ಕಂಪನಿಯ ವಹಿವಾಟು ಮೂರು ವರ್ಷಗಳಲ್ಲಿ ಇಮ್ಮಡಿಯಾಗಿತ್ತು. ನಾನು ಪದವಿಪತ್ರ, ಸಂಬಳದ ಚೀಟಿಗಳನ್ನು ಪರಿಶೀಲಿಸಿ ಒಪ್ಪಿಗೆ ಸೂಚಿಸಿದೆ. ಆ ಬೆಳವಣಿಗೆಯೆಲ್ಲ ಒಬ್ಬನೇ ದೊಡ್ಡ ಗ್ರಾಹಕನ ವಿಸ್ತರಣೆಯಿಂದ ಬಂದದ್ದೆಂದು ವಿಚಾರಿಸಿ ತಿಳಿಯಲಿಲ್ಲ. ಇಲ್ಲಿ ಬಂದವರು ವಹಿವಾಟು ಹೆಚ್ಚಿಸಲು ಸಿಕ್ಕಸಿಕ್ಕವರಿಗೆ ಸಾಲದ ಮೇಲೆ ಸರಕು ಕೊಟ್ಟರು. ಎರಡು ವರ್ಷಗಳಲ್ಲಿ ಬರಬೇಕಾದ ಬಾಕಿ ಬೆಟ್ಟವಾಯಿತು. ಮೂರು ವರ್ಷದ ಕರಾರಾದ್ದರಿಂದ ಉಳಿದ ಅವಧಿಯ ಸಂಬಳವನ್ನೂ ಕೊಟ್ಟು ಕಳುಹಿಸಬೇಕಾಯಿತು. ಬ್ಯಾಂಕಿನ ಸಾಲ ತೀರಿಸಲು ನನ್ನ ಮಿತ್ರರು ಒಂದು ಶೆಡ್ಡನ್ನೇ ಮಾರಿದರು. ಅವರು ನನ್ನನ್ನು ಒಮ್ಮೆಯೂ ದೂರಲಿಲ್ಲ. ಆದರೆ ಆ ನೇಮಕಾತಿ ಕಡತದಲ್ಲಿ ನನ್ನ ಸಹಿ ಇದೆ.

ಆದುದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ. ಜವಾಬ್ದಾರಿಯ ಹುದ್ದೆಗೆ ಯಾರನ್ನಾದರೂ ನೇಮಿಸುವ ಮುನ್ನ ಅವರ ಅರ್ಜಿಯ ಪ್ರತಿಯೊಂದು ಹೇಳಿಕೆಯನ್ನೂ ಮೂಲದಲ್ಲಿಯೇ ಪರಿಶೀಲಿಸಿರಿ. ಅವರು ವಹಿಸಿಕೊಂಡಾಗ ಸಂಸ್ಥೆ ಯಾವ ಸ್ಥಿತಿಯಲ್ಲಿತ್ತು, ಬಿಟ್ಟಾಗ ಯಾವ ಸ್ಥಿತಿಯಲ್ಲಿತ್ತು ಎಂದು ವರ್ಷವಾರು ಬರೆದುಕೊಳ್ಳಿರಿ. ಅವರ ಕೈಕೆಳಗೆ ದುಡಿದವರಲ್ಲಿ ಇಬ್ಬರನ್ನಾದರೂ ಕಂಡು ಮಾತನಾಡಿರಿ. ಸಂಬಳದ ಒಂದು ಭಾಗವನ್ನು ವಸೂಲಾದ ಹಣಕ್ಕೆ ಜೋಡಿಸಿರಿ, ಬರೆದ ಬಿಲ್ಲಿಗಲ್ಲ. ಆಯ್ಕೆ ತಪ್ಪಾದರೆ ಎಷ್ಟು ಕೊಟ್ಟು ಬೇರ್ಪಡಬೇಕಾದೀತು ಎಂಬ ಮೊತ್ತವನ್ನು ಕರಾರಿಗೆ ಸಹಿ ಹಾಕುವ ಮುನ್ನವೇ ಲೆಕ್ಕ ಹಾಕಿರಿ. ಆ ಮೊತ್ತ ನಿಮ್ಮ ಸಂಸ್ಥೆಗೆ ಭರಿಸಲಾಗದ್ದೆಂದು ಕಂಡರೆ, ಅಭ್ಯರ್ಥಿ ಎಷ್ಟೇ ಸಮರ್ಥನಿರಲಿ, ಕರಾರನ್ನು ತಿದ್ದಿದ ಬಳಿಕವೇ ನೇಮಿಸಿರಿ.