ಮಣ್ಣಿಗೆ ಆರೈಕೆ, ಮೈಗೆ ಬೇಡವೇ?

ಓದು ಮುಗಿಸಿದ ಮಗನೋ ಮಗಳೋ ಒಂದು ದಿನ ‘ಕೆಲಸಕ್ಕೆ ಆಮೇಲೆ ಸೇರುತ್ತೇನೆ, ಈಗ ಒಂದು ವರ್ಷ ತರಕಾರಿ ತೋಟದಲ್ಲಿದ್ದು ಬೇಸಾಯ ಕಲಿಯುತ್ತೇನೆ’ ಎಂದರೆ ಮನೆಯಲ್ಲಿ ಏನಾಗಬಹುದು? ‘ನೀವು ಗುದ್ದಲಿ ಹಿಡಿಯಬಾರದೆಂದೇ ಹೊಲ ಮಾರಿ ನಿಮ್ಮಪ್ಪನನ್ನು ಓದಿಸಿದೆ’ ಎಂದು ತಾತ ಗೊಣಗುತ್ತಾರೆ. ಅಮ್ಮನಿಗೆ ಹಾವು, ಬಿಸಿಲು, ಹೊತ್ತುಹೊತ್ತಿನ ಊಟದ ಚಿಂತೆ. ಅಪ್ಪನಿಗೆ ನೆಂಟರಿಷ್ಟರಿಗೆ ಏನು ಹೇಳುವುದೆಂಬ ಚಿಂತೆ. ಇಂಥ ಮಾತುಕತೆ ಈಗ ಪೇಟೆಯ ಮನೆಗಳಲ್ಲಿ ಅಪರೂಪವೇನಲ್ಲ.

ಬೇಸಾಯದಲ್ಲಿ ಲಾಭವಿದೆಯೇ, ನಷ್ಟವಿದೆಯೇ ಎಂಬ ಲೆಕ್ಕ ಈ ಅಂಕಣದ್ದಲ್ಲ. ಆರೋಗ್ಯದ ಕಡೆಯಿಂದ ನೋಡಿದರೆ ನಮ್ಮ ಅಭಿಪ್ರಾಯ ಇಷ್ಟು: ಮಕ್ಕಳು ಹೋಗಲಿ, ತಡೆಯಬೇಡಿ. ಆದರೆ ಮಣ್ಣಿನ ಆರೋಗ್ಯದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ತೋಟ, ಆ ಮಣ್ಣಿನಲ್ಲಿ ದುಡಿಯುವ ಮೈಗೂ ಅಷ್ಟೇ ಬೆಲೆ ಕೊಡುತ್ತದೆಯೇ ಎಂದು ಮೊದಲು ವಿಚಾರಿಸಿ. ಕೊಡದಿದ್ದರೆ ಅದು ಕಲಿಯಲು ತಕ್ಕ ಜಾಗವಲ್ಲ.

ಎಂಥ ತೋಟ?

ಇಂಥ ತೋಟಗಳು ದೊಡ್ಡವಲ್ಲ. ಅರ್ಧ ಎಕರೆಯಿಂದ ಎರಡು ಮೂರು ಎಕರೆ ಇದ್ದರೆ ಹೆಚ್ಚು. ಹರಿವೆ, ಮೆಂತ್ಯ, ಮೂಲಂಗಿ, ಹುರುಳಿಕಾಯಿ, ಟೊಮೆಟೊ, ಸೋರೆ, ಹೀರೆ ಹೀಗೆ ಹತ್ತಾರು ಬಗೆ ಒಟ್ಟಿಗೆ ಬೆಳೆಯುತ್ತಾರೆ. ವಾರಕ್ಕೊಂದೆರಡು ಸಲ ಕಿತ್ತು ಹತ್ತಿರದ ಊರಿನ ಮನೆಗಳಿಗೋ ಸಂತೆಗೋ ನೇರವಾಗಿ ಮಾರುತ್ತಾರೆ. ಬೆಂಗಳೂರಿಗೆ ಇದು ಹೊಸದೇನಲ್ಲ. ತಿಗಳ ಸಮುದಾಯದವರು ತಲೆತಲಾಂತರದಿಂದ ನಗರದ ಸುತ್ತ ಹೂವು, ತರಕಾರಿ ಬೆಳೆದು ಪೇಟೆಗೆ ತಂದವರು.

ಹೊಸದೆಂದರೆ ‘ಪುನಶ್ಚೇತನ ಕೃಷಿ’ ಎಂಬ ಹೆಸರು. ಅಮೆರಿಕದ ರಾಬರ್ಟ್ ರೊಡೇಲ್ 1980ರ ದಶಕದಲ್ಲಿ ಬಳಕೆಗೆ ತಂದ ಮಾತಿನ ಕನ್ನಡ ರೂಪವಿದು. ಬೆಳೆ ತೆಗೆಯುತ್ತಲೇ ಮಣ್ಣನ್ನು ಮೊದಲಿಗಿಂತ ಚೆನ್ನಾಗಿಸಬೇಕೆಂಬುದು ಇದರ ತಿರುಳು. ಉಳುಮೆ ಕಡಿಮೆ, ನೆಲಕ್ಕೆ ಸದಾ ಒಣಹುಲ್ಲು, ತರಗೆಲೆಗಳ ಹೊದಿಕೆ, ಕಾಂಪೋಸ್ಟ್ ಗೊಬ್ಬರ, ನಡುನಡುವೆ ಅಲಸಂದೆ, ಅವರೆಯಂಥ ದ್ವಿದಳ ಬೆಳೆ. ಇದರ ಬೇರು ನಮ್ಮ ದೇಶದಲ್ಲೂ ಇದೆ. ಆಲ್ಬರ್ಟ್ ಹೋವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು ಕಾಂಪೋಸ್ಟ್ ವಿಧಾನವನ್ನು ರೂಪಿಸಿದಾಗ ಇಲ್ಲಿಯ ರೈತರನ್ನು ತಮ್ಮ ಗುರುಗಳೆಂದೇ ಭಾವಿಸಿದ್ದರು. ನಮ್ಮ ರಾಜ್ಯದಲ್ಲಿ, 2019ರಲ್ಲಿ ತೀರಿಕೊಂಡ ಎಲ್. ನಾರಾಯಣ ರೆಡ್ಡಿಯವರು ದೊಡ್ಡಬಳ್ಳಾಪುರದ ಬಳಿಯ ಮರೇನಹಳ್ಳಿಯಲ್ಲಿ ತಮ್ಮ ತೋಟವನ್ನೇ ಪಾಠಶಾಲೆ ಮಾಡಿಕೊಂಡಿದ್ದರು.

ಈ ವಿದ್ಯೆ ಪುಸ್ತಕದಿಂದ ಪೂರ್ತಿ ಬರುವಂಥದ್ದಲ್ಲ. ಮಣ್ಣು ಹದವಾಗಿದೆಯೇ ಎಂಬುದು ಮುಷ್ಟಿಯಲ್ಲಿ ಹಿಡಿದಾಗಲೇ ತಿಳಿಯುವುದು. ಮುಂಗಾರು, ಹಿಂಗಾರು, ಬೇಸಿಗೆ ಮೂರನ್ನೂ ಒಂದೇ ತೋಟದಲ್ಲಿ ಕಂಡವರಿಗೆ ಮಾತ್ರ ಯಾವ ರೋಗ ಯಾವಾಗ ಬರುತ್ತದೆಂಬ ಅಂದಾಜು ಸಿಗುತ್ತದೆ.

ದೇಹಕ್ಕೇನು ಲಾಭ?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುರ್ಚಿಯಲ್ಲಿ ಕುಳಿತೇ ದಿನ ಕಳೆಯುವವರಿಗೆ ಇದು ದೊಡ್ಡ ಗುರಿ. ತೋಟದಲ್ಲಿರುವವರಿಗೆ ಎರಡು ದಿನದ ಮಾತು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂಬುದು ಅದೇ ಸಂಸ್ಥೆಯ ಇನ್ನೊಂದು ಸಲಹೆ. ಅನ್ನದ ರಾಶಿಯ ಪಕ್ಕ ಒಂದು ಚಮಚ ಪಲ್ಯ ಬಡಿಸಿಕೊಳ್ಳುವ ನಮ್ಮ ರೂಢಿಯಲ್ಲಿ ಇದು ಎಲ್ಲಿಂದ ಆದೀತು? ತಾನೇ ಬೆಳೆದ ಸೊಪ್ಪನ್ನು ಮಾತ್ರ ಯಾರೂ ತಟ್ಟೆಯ ಅಂಚಿಗೆ ತಳ್ಳುವುದಿಲ್ಲ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕೀಟನಾಶಕ ಹೊಡೆದ ಕಾಯಿಯನ್ನು ಇಷ್ಟು ದಿನ ಬಿಟ್ಟೇ ಕೀಳಬೇಕೆಂಬ ನಿಯಮವಿದೆ, ಬೆಲೆ ಏರಿದ ದಿನ ಆ ನಿಯಮ ಮರೆತುಹೋಗುತ್ತದೆ ಎಂಬುದನ್ನೆಲ್ಲ ಬಲ್ಲವರು ಮನೆಯಲ್ಲಿ ಒಬ್ಬರಿದ್ದರೆ ಇಡೀ ಮನೆಗೆ ಕ್ಷೇಮ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಆ ಊಟದಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಔಷಧಿಯ ಖಾಲಿ ಡಬ್ಬಿಯನ್ನು ಅಡುಗೆಮನೆಗೆ ತರಬಾರದೆಂಬ ಒಂದು ಪಾಠಕ್ಕಾಗಿಯಾದರೂ ತೋಟದ ಉಗ್ರಾಣವನ್ನು ಕಣ್ಣಾರೆ ನೋಡಬೇಕು.

ಸಾವಯವವೆಂದರೆ ನಿರಪಾಯವೇ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ನಮ್ಮಲ್ಲಿ ವಿಷವೇ ಇಲ್ಲ’ ಎನ್ನುವ ತೋಟದಲ್ಲೂ ಅಪಾಯಗಳಿವೆ. ಹುಳುವಿಗೆ ಹೊಡೆಯುವ ಹೊಗೆಸೊಪ್ಪಿನ ಕಷಾಯ ಗಿಡದಿಂದ ಬಂದದ್ದೇ. ಆದರೆ ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರಿ ವಾಂತಿ, ತಲೆಸುತ್ತು ತರುತ್ತದೆ. ಬರಿಗೈಯಲ್ಲಿ ಅದನ್ನು ಹಿಂಡುವುದು, ಮುಖಕ್ಕೆ ಬಟ್ಟೆಯಿಲ್ಲದೆ ಸಿಂಪಡಿಸುವುದು ಸಲ್ಲದು.

ಹಸಿ ಸಗಣಿ, ಗಂಜಲಗಳ ವಿಷಯವೂ ಹಾಗೆಯೇ. ಹಸಿ ಗೊಬ್ಬರದಲ್ಲಿ ಭೇದಿ ತರುವ ರೋಗಾಣುಗಳಿರುತ್ತವೆ. ಅಮೆರಿಕದ ಸಾವಯವ ನಿಯಮದ ಪ್ರಕಾರ ಹಸಿ ಗೊಬ್ಬರ ಹಾಕಿದ ಮೇಲೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ 120 ದಿನ, ತಾಗದ್ದಾದರೆ 90 ದಿನ ಕಳೆದೇ ಕೊಯ್ಯಬೇಕು. ಕಾಂಪೋಸ್ಟ್ ಗುಡ್ಡೆಯ ಒಳಗೆ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ನಿಲ್ಲಬೇಕು, ಗುಡ್ಡೆಯನ್ನು ಆಗಾಗ ಮಗುಚಬೇಕು. ಆಗಲೇ ರೋಗಾಣುಗಳು ಸಾಯುವುದು. ಜೀವಾಮೃತವನ್ನು ಬುಡಕ್ಕೆ ಹಾಕುವುದು ಒಂದು ಮಾತು. ನಾಳೆ ಕಿತ್ತು ಹಸಿಯಾಗಿ ತಿನ್ನುವ ಕೊತ್ತಂಬರಿಯ ಎಲೆಯ ಮೇಲೆ ಸುರಿಯುವುದು ಬೇರೆ ಮಾತು.

ಮಣ್ಣಿಗೆ ಹಿತವಾದ ಹುಲ್ಲಿನ ಹೊದಿಕೆ ಚೇಳಿಗೂ ಇಲಿಗೂ ಹಿತವೇ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಆದ್ದರಿಂದ ಹೊದಿಕೆಯೊಳಗೆ ಬರಿಗೈ ಹಾಕದೆ ಮೊದಲು ಕೋಲಿನಿಂದ ಕೆದಕಿ ನೋಡಬೇಕು. ಕತ್ತಲಲ್ಲಿ ಟಾರ್ಚ್ ಇಲ್ಲದೆ ನಡೆಯಬಾರದು. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಕ್ಷಣ ಸಾಗಿಸಬೇಕು. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಗೊತ್ತುಪಡಿಸಿರುವುದೇ ಇದರ ಗಂಭೀರತೆಗೆ ಸಾಕ್ಷಿ.

ಹೊರಡುವ ಮುನ್ನ

ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತದೆ. ಈ ರೋಗದ ಲಸಿಕೆಯನ್ನು ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಕೊನೆಯ ಚುಚ್ಚುಮದ್ದು ಯಾವಾಗ ಆಯಿತೆಂದು ನೆನಪಿಲ್ಲದಿದ್ದರೆ ವೈದ್ಯರನ್ನು ಕೇಳಿ. ಬರಿಗಾಲಿನ ನಡಿಗೆ ಚಂದವೆನಿಸಿದರೂ ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕವೇ ಒಳನುಗ್ಗಿ ರಕ್ತಹೀನತೆ ತರುತ್ತದೆ. ಮಳೆಗಾಲದ ಕೆಸರಿನಲ್ಲಿ ಇಲಿ ಜ್ವರದ ಭಯವೂ ಇದೆ. ಆದ್ದರಿಂದ ಬೂಟು ಬೇಕು. ಕೈಕಾಲಿನಲ್ಲಿ ಗಾಯವಿದ್ದಾಗ ಕೆಸರಿಗೆ ಇಳಿಯಬಾರದು. ಉಬ್ಬಸ ಇರುವವರಿಗೆ ಒಣಹುಲ್ಲಿನ ಧೂಳು, ಬೂಷ್ಟು ಹಿಡಿದ ಗೊಬ್ಬರ ಆಗಿಬರುವುದಿಲ್ಲ. ಅವರು ಈ ಮಾತನ್ನು ಮುಚ್ಚಿಡದೆ ಮೊದಲೇ ತಿಳಿಸಬೇಕು.

ಮೊದಲ ವಾರದ ಹುಮ್ಮಸ್ಸೇ ಮೊದಲ ಶತ್ರು. ಫ್ಯಾನಿನ ಕೆಳಗೆ ಬೆಳೆದ ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನ ಎರಡು ಗಂಟೆ ಸಾಕು, ದಿನದಿನಕ್ಕೆ ಸ್ವಲ್ಪ ಹೆಚ್ಚಿಸಿ. ಬೆಳಗಿನ ತಂಪಿನಲ್ಲೂ ಸಂಜೆಯಲ್ಲೂ ಭಾರದ ಕೆಲಸ, ನಡುಹಗಲಲ್ಲಿ ನೆರಳಿನ ಕೆಲಸ. ಬಾಯಾರುವ ಮೊದಲೇ ನೀರು, ಉಪ್ಪು ಹಾಕಿದ ಮಜ್ಜಿಗೆ. ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ, ಮಂಕರಿಯನ್ನು ಮೈಗೆ ಒತ್ತಿ ಹಿಡಿದು ಏಳಬೇಕು. ಬಿಸಿಲಲ್ಲಿ ತಲೆನೋವು ಬಂದು, ಮಾತು ತೊದಲಿದರೆ ಅದನ್ನು ಸುಸ್ತೆಂದು ತಳ್ಳಿಹಾಕಬಾರದು. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಒಯ್ಯಬೇಕು.

ಯಜಮಾನರನ್ನು ಕೇಳಿ

ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರುವ ಹುಡುಗನಿಗೆ 1961ರ ಕಾಯಿದೆಯ ರಕ್ಷಣೆ ಇದೆ. ಒಪ್ಪಂದ, ಸ್ಟೈಪೆಂಡು, ಕೆಲಸದ ವೇಳೆ, ರಜೆ, ಸುರಕ್ಷತೆ, ಗಾಯವಾದರೆ ಪರಿಹಾರ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಬಾಯಿಮಾತಿನ ಮೇಲೆ ತೋಟಕ್ಕೆ ಹೋಗುವವರ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ. ‘ಊಟ, ವಸತಿ ಕೊಡುತ್ತೇವೆ, ಕಲಿಯಿರಿ’ ಎನ್ನುವ ಮಾತು ಒಳ್ಳೆಯದೇ. ಆದರೆ ಆರು ತಿಂಗಳೂ ಕಳೆ ಕೀಳಿಸಿ, ಬೀಜ ಆಯುವುದನ್ನಾಗಲಿ ಲೆಕ್ಕ ಬರೆಯುವುದನ್ನಾಗಲಿ ತೋರಿಸದಿದ್ದರೆ ಅದು ಕಲಿಕೆಯೇ? ಪುಕ್ಕಟೆ ದುಡಿಮೆ, ಅಷ್ಟೆ.

ಹಾಗಾಗಿ ತಂದೆತಾಯಿ ಸಂಕೋಚವಿಲ್ಲದೆ ಕೇಳಲಿ. ದಿನಕ್ಕೆ ಎಷ್ಟು ಗಂಟೆ ಕೆಲಸ? ವಾರದಲ್ಲಿ ಯಾವ ದಿನ ಬಿಡುವು? ಕುಡಿಯುವ ನೀರು ಎಲ್ಲಿಯದು? ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ? ಆಸ್ಪತ್ರೆ ಎಷ್ಟು ದೂರ, ರಾತ್ರಿ ಹೋಗಲು ವಾಹನವಿದೆಯೇ? ಶೌಚಾಲಯವಿದೆಯೇ? ಈ ಕೊನೆಯ ಪ್ರಶ್ನೆಯನ್ನು ಹೆಣ್ಣುಮಕ್ಕಳ ಮನೆಯವರು ಮರೆಯಲೇಬಾರದು. ಹೋಗಲು ಜಾಗವಿಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಉರಿಮೂತ್ರ, ಮೂತ್ರದ ಸೋಂಕು, ಮೂತ್ರಪಿಂಡದ ಕಲ್ಲು ಇವಕ್ಕೆಲ್ಲ ಅಲ್ಲೇ ದಾರಿಯಾಗುತ್ತದೆ.

‘ಸಣ್ಣ ತೋಟದವರಿಗೆ ಇಷ್ಟೆಲ್ಲ ಎಲ್ಲಿ ಸಾಧ್ಯ? ಹೊಸಬರು ಮೊದಲ ಮೂರು ತಿಂಗಳು ಮಾಡುವುದಕ್ಕಿಂತ ಕೆಡಿಸುವುದೇ ಹೆಚ್ಚು’ ಎಂದು ಯಜಮಾನರು ಹೇಳಬಹುದು. ಅದರಲ್ಲಿ ನಿಜವಿದೆ. ಬೆಳೆಗೆ ಸರಿಯಾದ ಬೆಲೆ ಸಿಗದ ರೈತ ಕಲಿಯುವವರಿಗೆ ಸಂಬಳ ಎಲ್ಲಿಂದ ತಂದಾನು? ಹಾಗಿದ್ದರೆ ಕೆಲಸದ ಗಂಟೆಗಳನ್ನು ಕಡಿಮೆ ಮಾಡಲಿ, ಪಾಠವನ್ನು ಹೆಚ್ಚಿಸಲಿ. ನೀರು, ನೆರಳು, ಶೌಚಾಲಯ, ವಾರಕ್ಕೊಂದು ಬಿಡುವು ಇವು ಮಾತ್ರ ಲಾಭ ಬಂದ ಮೇಲೆ ನೋಡೋಣ ಎನ್ನುವಂಥವಲ್ಲ.

ನಿಜವಾದ ಗುರುಗಳು

ಇನ್ನೊಂದು ಮಾತು. ಕಲಿಯಲು ಬಂದವರು ಒಂದು ವರ್ಷಕ್ಕೆ ಹಿಂದಿರುಗುತ್ತಾರೆ. ಅದೇ ತೋಟದಲ್ಲಿ ಮೂವತ್ತು ವರ್ಷದಿಂದ ಬಗ್ಗಿ ಕಳೆ ಕೀಳುತ್ತಿರುವ ಕೂಲಿ ಹೆಂಗಸರು ಅಲ್ಲೇ ಉಳಿಯುತ್ತಾರೆ. ಸಸಿಯ ಬೇರು ಮುರಿಯದಂತೆ ಕಿತ್ತು ನೆಡುವುದನ್ನು ಹೊಸಬರ ಕೈಹಿಡಿದು ಕಲಿಸುವವರು ಅವರೇ. ಅವರ ಸೊಂಟನೋವಿಗೆ, ಒಡೆದ ಹಿಮ್ಮಡಿಗೆ ಯಾವ ತೋಟದಲ್ಲಿ ಲೆಕ್ಕವಿದೆ? ಪೇಟೆಯಿಂದ ಬಂದ ವಿದ್ಯಾವಂತನಿಗೆಂದು ಕಟ್ಟಿಸಿದ ಶೌಚಾಲಯದ ಬೀಗದಕೈ ಆ ಹೆಂಗಸರ ಕೈಗೂ ಸಿಗುವಂತಿರಬೇಕು. ಮಣ್ಣಿನ ಸಾರ ಹೆಚ್ಚಿಸಿ ಮನುಷ್ಯರ ಸಾರ ಹೀರುವ ಬೇಸಾಯಕ್ಕೆ ಪುನಶ್ಚೇತನವೆಂಬ ಹೆಸರು ಒಪ್ಪುವುದಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಕೆಸರಿಗೂ ಮೊಸರಿಗೂ ನಡುವೆ ಸೋಪು, ನೀರು ಇರಬೇಕೆಂಬುದು ವೈದ್ಯಶಾಸ್ತ್ರದ ಸೇರ್ಪಡೆ. ಮಕ್ಕಳನ್ನು ತೋಟಕ್ಕೆ ಕಳಿಸಲು ಒಪ್ಪಿದ ತಂದೆತಾಯಿ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಬೆಳೆ ಹೇಗಿದೆ ಎಂದು ನೋಡುವ ಮೊದಲು ಕೈ ತೊಳೆಯುವ ಜಾಗ ಎಲ್ಲಿದೆ ಎಂದು ನೋಡಿ. ಆ ಜಾಗ ಅಚ್ಚುಕಟ್ಟಾಗಿದ್ದರೆ ನೆಮ್ಮದಿಯಿಂದ ಬಿಟ್ಟುಬನ್ನಿ.